ಮರು: ಕ್ಯಾರೆಟ್ ಬೀಜದ ಎಣ್ಣೆಯಿಂದ ಸನ್‌ಸ್ಕ್ರೀನ್ ಆಗುತ್ತಾ?
100 ಎಂಎಲ್ ಕೊಬ್ಬರಿ ಎಣ್ಣೆಗೆ ಕ್ಯಾರೆಟ್ ಬೀಜದ ಎಣ್ಣೆ, ನಿಂಬೆ ಎಣ್ಣೆ ತಲಾ 20 ಹನಿ ಹಾಕಿದರೆ ಎಸ್‌ಪಿಎಫ್ (ಬಿಸಿಲಿಗೆ ಚರ್ಮ ಸುಡದಂತೆ ತಡೆಯುವ ಶಕ್ತಿಯ ಅಂಕಿ) 30 ಬರುತ್ತಾ ಅಂತ ಕೇಳಿದ್ದೀರಿ. ಬರಲ್ಲ. ಕೊಬ್ಬರಿ ಎಣ್ಣೆಗೆ ಹೇಳುವ 7ರ ಆಸುಪಾಸಿನ ಅಂಕಿ, ಆಲ್ಕೋಹಾಲ್‌ನಲ್ಲಿ ಬೆರೆಸಿ 290ರಿಂದ 320 ನ್ಯಾನೋಮೀಟರ್ ತರಂಗಾಂತರದವರೆಗೆ ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ (ದ್ರವ ಎಷ್ಟು ಬೆಳಕು ಹೀರುತ್ತೆ ಅಂತ ತೋರಿಸುವ ಯಂತ್ರ) ಅಳೆದದ್ದು. ಅದು ಯುವಿಬಿ (ಚರ್ಮ ಸುಡುವ ಅತಿನೇರಳೆ ಕಿರಣ) ಲೆಕ್ಕ. ಯುವಿಎ (ಚರ್ಮದ ಆಳಕ್ಕೆ ಇಳಿಯುವ ಅತಿನೇರಳೆ ಕಿರಣ) ಅದರಲ್ಲಿ ಇಲ್ಲವೇ ಇಲ್ಲ. ಚರ್ಮದ ಮೇಲೆ ಹರಡಿದ ಎಣ್ಣೆಗೆ ಆ ಅಂಕಿ ಹೊಂದಲ್ಲ.

ಮೊದಲು ನಿಂಬೆ ಎಣ್ಣೆ ಬಿಡಿ. ಸಿಪ್ಪೆ ಹಿಂಡಿ ತೆಗೆದದ್ದಾದರೆ ಅದರಲ್ಲಿರುವ ಫ್ಯೂರಾನೋಕೌಮರಿನ್ ಎಂಬ ರಾಸಾಯನಿಕಗಳು ಬಿಸಿಲು ತಾಗಿದಾಗ ಚರ್ಮ ಸುಡುತ್ತವೆ, ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತೆ.

ಪ್ರಯೋಗಕ್ಕಾದರೆ ತೂಕದಲ್ಲಿ 20% ಜಿಂಕ್ ಆಕ್ಸೈಡ್ (ಬಿಸಿಲು ತಡೆಯುವ ಬಿಳಿ ಪುಡಿ) ಹಾಕಿ, ಪರಿಮಳಕ್ಕೆ 0.5% ಲ್ಯಾವೆಂಡರ್ ಸಾಕು. ಕೈಯಲ್ಲಿ ಕಲಸಿದರೆ ಜಿಂಕ್ ಗಂಟುಕಟ್ಟುತ್ತೆ: ಎರಡು ಗಾಜಿನ ಚೂರುಗಳ ನಡುವೆ ಒಂದು ಹನಿ ಒತ್ತಿ ಬೆಳಕಿಗೆ ಹಿಡಿಯಿರಿ, ಬಿಳಿ ಚುಕ್ಕೆ ಕಾಣುತ್ತೆ. ಚುಕ್ಕೆಗಳ ನಡುವೆಯೇ ಬಿಸಿಲು ನುಸುಳೋದು. ಹೋಮೊಜನೈಸರ್ (ಗಂಟಿಲ್ಲದೆ ನುಣ್ಣಗೆ ಬೆರೆಸುವ ಯಂತ್ರ) ಇದ್ದರೂ ಹೊರಗೆ ಹೋಗುವಾಗ ಪರೀಕ್ಷೆಯಾದ ಅಂಗಡಿಯದ್ದನ್ನೇ ಹಚ್ಚಿ.