ದಾರಿ ತಪ್ಪಿದ ಸಾಲಿಗೆ ಜಗಲಿಯಲ್ಲಿ ಜಾಗ

(ತೀರ್ಥಹಳ್ಳಿ ಕಡೆಯ ಓದುಗರೊಬ್ಬರ ಪತ್ರದ ಸಾರ: ಊರಿನ ಅಡಿಕೆ ಬೆಳೆಗಾರರಿಗೆಂದು ಒಂದು ವೆಬ್ ಪುಟ ಮಾಡಿದೆ. ರಾಶಿ, ಬೆಟ್ಟೆ, ಸರಕು, ಗೊರಬಲಿನ ದರಪಟ್ಟಿಯ ಕೆಳಗೆ ‘ಭಾನುವಾರ ವ್ಯಾಪಾರವಿಲ್ಲ’ ಎಂದು ಬರೆದರೆ ಆ ಸಾಲು ಪಟ್ಟಿಯ ತಲೆಯ ಮೇಲೆ ಹೋಗಿ ಕೂತಿತು. ಎರಡು ದಿನ ಒದ್ದಾಡಿದ ಮೇಲೆ ಗೊತ್ತಾಯಿತು, ಪಟ್ಟಿಯ ‘ಟೇಬಲ್’ ಗುರುತು (ಟ್ಯಾಗ್) ಮುಚ್ಚುವ ಮೊದಲೇ ಸಾಲು ಹಾಕಿದ್ದೆ. ತಪ್ಪಿರುವ ಪುಟವನ್ನು ಬ್ರೌಸರ್ ತೋರಿಸಲೇಬಾರದು. ಈ ಸಲಿಗೆಯಿಂದಲೇ ಶಿಸ್ತು ಹಾಳಾಗಿದೆ. ನೀವೇನಂತೀರಿ?)

ನಾನೇನಂತೇನೆ ಎಂದು ಕೇಳಿ ನೀವು ಜೇನುಗೂಡಿಗೆ ಕಲ್ಲು ಹೊಡೆದಿದ್ದೀರಿ. ಕೂತು ಓದಿ.

ಮೊದಲು ನಿಮ್ಮ ಪಾಲಿನದು ಕೊಟ್ಟುಬಿಡುತ್ತೇನೆ. ಸಲಿಗೆಯಲ್ಲಿ ಅಪಾಯವಿದೆ. ಕೆಟ್ಟ ಕೋಡನ್ನು ಸೋಸುವ ತಂತ್ರಾಂಶ ಒಂದು ಗುರುತನ್ನು ಒಂದು ಥರ ಓದಿ, ಬ್ರೌಸರ್ ಅದನ್ನೇ ಇನ್ನೊಂದು ಥರ ಓದಿದರೆ ಆ ಸಂದಿಯಲ್ಲಿ ಕಳ್ಳ ನುಗ್ಗುತ್ತಾನೆ. ನುಗ್ಗಿದ್ದೂ ಇದೆ. ಒಪ್ಪಿದೆ. ಮುಂದಕ್ಕೆ ಹೋಗೋಣ.

ನೀವು ಕೇಳುವ ಶಿಸ್ತನ್ನು ಜಗತ್ತು ಒಮ್ಮೆ ತಂದು ನೋಡಿಯಾಗಿದೆ. 1998ರಲ್ಲಿ ಬಂದ, ಮಾಹಿತಿಗೆ ಗುರುತು ಹಚ್ಚಿ ಬರೆಯುವ ಎಕ್ಸ್‌ಎಮ್‌ಎಲ್ ಎಂಬ ಭಾಷೆಯ ಕಟ್ಟಳೆಯೇ ಅದು: ಒಂದು ತಪ್ಪು ಕಂಡರೂ ಅಲ್ಲಿಗೇ ನಿಲ್ಲಿಸು. 2000ದಲ್ಲಿ ಎಕ್ಸ್‌ಎಚ್‌ಟಿಎಮ್‌ಎಲ್ ಬಂದು ಅದೇ ಮಡಿಯನ್ನು ವೆಬ್ ಪುಟಗಳಿಗೂ ಉಡಿಸಲು ಹೊರಟಿತು. ಒಂದು ಆ್ಯಂಪರ್‌ಸ್ಯಾಂಡ್ (&) ಚಿಹ್ನೆ ಸರಿಯಾಗಿ ಬರೆಯದಿದ್ದರೆ ಪುಟ ಹೋಗಿ ದೋಷದ ಸಂದೇಶ ಬರಬೇಕು. ಆಗಿದ್ದೇನು? ಬಹುಪಾಲು ಜನ ಹೊಸ ಹೆಸರು ಹಚ್ಚಿ, ಸರ್ವರಿನಿಂದ ವೆಬ್ ಪುಟಗಳ ಹಳೆಯ ಭಾಷೆಯಾದ ಎಚ್‌ಟಿಎಮ್‌ಎಲ್ ಎಂದೇ ಕಳಿಸಿದರು; ಬ್ರೌಸರ್ ಹಳೆಯ ಸಲಿಗೆಯಲ್ಲೇ ಓದಿತು. ಮಡಿ ಉಟ್ಟಂತೆಯೂ ಆಯಿತು, ಮುಟ್ಟಿದಂತೆಯೂ ಆಯಿತು.

ಅದಕ್ಕೂ ಹಿಂದಿನ ಕಾಲದ ನಿಜವಾದ ರಗಳೆ ಬೇರೆ. ಬ್ರೌಸರುಗಳೆಲ್ಲ ತಪ್ಪನ್ನು ಕ್ಷಮಿಸುತ್ತಿದ್ದವು, ಆದರೆ ಒಂದೊಂದೂ ತನ್ನ ಮನಸ್ಸಿಗೆ ಬಂದ ಹಾಗೆ. ಇದಕ್ಕೆ ಮದ್ದು ಕ್ಷಮೆಯನ್ನು ನಿಲ್ಲಿಸುವುದಲ್ಲ, ಅದನ್ನು ಕಾನೂನಿನ ಹಾಗೆ ಬರೆದಿಡುವುದು ಎಂದು ಹಟ ಹಿಡಿದವರು 2004ರಲ್ಲಿ ಆ್ಯಪಲ್, ಮೊಜಿಲ್ಲಾ, ಒಪೆರಾಗಳ ಕೆಲವರು. ಬೇರೆ ಬೇರೆ ಬ್ರೌಸರುಗಳು ಏನು ಮಾಡುತ್ತಿವೆ ಎಂದು ನೋಡಿ, ಯಾವ ಕಸ ಕೊಟ್ಟರೂ ಎಲ್ಲವೂ ಒಂದೇ ಮರ (ಪುಟದ ಯಾವ ಭಾಗ ಯಾವುದರೊಳಗೆ ಎಂಬ ನಕ್ಷೆ) ಕಟ್ಟಬೇಕು ಎಂಬಂತೆ ಹೆಜ್ಜೆ ಹೆಜ್ಜೆಯಾಗಿ ನಿಯಮ ಬರೆದರು. ನಿಮ್ಮ ಭಾನುವಾರದ ಸಾಲು ಮೇಲೆ ಹೋಗಿದ್ದು ಆಕಸ್ಮಿಕವಲ್ಲ ಸ್ವಾಮಿ. ಟೇಬಲ್ಲಿನ ಒಳಗೆ, ಯಾವ ಮನೆಗೂ ಸೇರದ ಅಕ್ಷರ ಕಂಡರೆ ಅದನ್ನೆತ್ತಿ ಟೇಬಲ್ಲಿಗಿಂತ ಮುಂಚೆ ಇಡು ಎಂದು ಅಲ್ಲಿ ಬರೆದಿದೆ. ಅದಕ್ಕೆ ಇಟ್ಟಿರುವ ಹೆಸರು ‘ಫಾಸ್ಟರ್ ಪೇರೆಂಟಿಂಗ್’. ಸಾಕುವುದು! ಹೊತ್ತು ಮುಳುಗಿದ ಮೇಲೆ ದಾರಿ ತಪ್ಪಿ ಬಂದವರನ್ನು ನಮ್ಮ ಕಡೆ ಜಗಲಿಯಲ್ಲಿ ಕೂರಿಸಿ ಬೆಲ್ಲ ನೀರು ಕೊಡುತ್ತಾರಲ್ಲ, ಅದೇ.

ಇನ್ನೊಂದು ನಿಯಮದ ಹೆಸರು ದತ್ತು ಕೊಡಿಸುವ ಸಂಸ್ಥೆ, ‘ಅಡಾಪ್ಷನ್ ಏಜೆನ್ಸಿ’. ದಪ್ಪಕ್ಷರ ತೆರೆದಿರಿ, ನಡುವೆ ಪ್ಯಾರಾ ತೆರೆದಿರಿ, ಪ್ಯಾರಾ ಮುಗಿಯುವ ಮೊದಲೇ ದಪ್ಪಕ್ಷರ ಮುಚ್ಚಿದಿರಿ ಎನ್ನಿ. ಪಾರ್ಸರ್, ಅಂದರೆ ಬ್ರೌಸರಿನಲ್ಲಿ ಗುರುತುಗಳನ್ನು ಓದುವ ಭಾಗ, ದಪ್ಪಕ್ಷರವನ್ನು ಪ್ಯಾರಾದ ಹೊರಗೇ ಮುಗಿಸಿ, ಒಳಗೆ ಅದರ ಇನ್ನೊಂದು ಪ್ರತಿ ಮಾಡಿ, ನೀವು ಮುಚ್ಚಿದ ಜಾಗದಲ್ಲಿ ಮುಚ್ಚುತ್ತದೆ. ತೀರಾ ಗೋಜಲಾಗಿದ್ದರೆ ಎಂಟು ಸುತ್ತು ಪ್ರಯತ್ನಿಸಿ ಕೈಬಿಡುತ್ತದೆ. ಶಿಶುಪಾಲನಿಗೆ ನೂರಿತ್ತು, ನಮಗೆ ಎಂಟು. ಚಿತ್ರದ ಗುರುತಿಗೆ ‘ಐಎಮ್‌ಜಿ’ ಬದಲು ‘ಇಮೇಜ್’ ಎಂದು ಬರೆದರೂ ತಿದ್ದಿಕೊಳ್ಳುತ್ತದೆ. ಆ ನಿಯಮದ ಪಕ್ಕ ಕಂಸದಲ್ಲಿ ‘ಕೇಳಬೇಡಿ’ ಎಂದಿದೆ. ಓದಿ ನಾನು ಒಬ್ಬನೇ ನಕ್ಕೆ.

ನಾನು ಈ ಸಂಪಾದಕನ ಕಸುಬಿಗೆ ಇಳಿದಾಗ ಗಾಂಧಿ ಬಜಾರಿನ ಅಚ್ಚುಕೂಟವೊಂದರಲ್ಲಿ ಮೊಳೆ ಜೋಡಿಸುವ ಹಿರಿಯರೊಬ್ಬರಿದ್ದರು. ಪಂಚಾಂಗದ ಹಾಳೆಯ ಹಿಂದೆ ಗೀಚಿದ ಲಗ್ನಪತ್ರಿಕೆ ಬರುತ್ತಿತ್ತು. ವರನ ಹೆಸರಿಗೆ ‘ಚಿ. ಸೌ.’, ಮುಹೂರ್ತ ಇರಬೇಕಾದಲ್ಲಿ ಊಟದ ವಿಷಯ. ಅವರು ತುಟಿ ಪಿಟಕ್ಕೆನ್ನದೆ ಎಲ್ಲವನ್ನೂ ಅದರದರ ಜಾಗಕ್ಕೆ ತಂದು ಕೂರಿಸುತ್ತಿದ್ದರು. ವಾಪಸ್ ಕಳಿಸಬಾರದೆ ಎಂದರೆ, ‘ಅಕ್ಷರ ತಪ್ಪಿದ್ದಕ್ಕೆ ಮದುವೆ ನಿಲ್ಲಿಸೂಕಾಗ್ತದಾ ಮಾರಾಯ್ರೆ?’ ಹೊಸನಗರದ ಕಡೆಯಿಂದ ಅಡಿಕೆಯ ಕೊಳೆರೋಗದ ಬಗ್ಗೆ ಒಬ್ಬರು ಬರೆದ ಪತ್ರ ನನ್ನ ಬಳಿ ಈಗಲೂ ಇದೆ. ನಾಲ್ಕು ಪುಟ, ಒಂದೇ ಒಂದು ಪೂರ್ಣವಿರಾಮವಿಲ್ಲ. ಮಳೆ ಬಿಡುವು ಕೊಡದಿದ್ದಾಗ ಬೋರ್ಡೋ ದ್ರಾವಣ ಹೊಡೆಯುವ ಹೊತ್ತಿನ ಬಗ್ಗೆ ಅಷ್ಟು ಸೊಗಸಾಗಿ ಬರೆದ ಇನ್ನೊಂದು ಲೇಖನ ನಾನು ಅಚ್ಚು ಮಾಡಿಲ್ಲ. ಎಚ್‌ಟಿಎಮ್‌ಎಲ್‌ನಲ್ಲೂ ಪ್ಯಾರಾ ಮುಚ್ಚಲೇಬೇಕೆಂದಿಲ್ಲ, ಗೊತ್ತೆ? ಮುಂದಿನ ಪ್ಯಾರಾ ಶುರುವಾದರೆ ಹಿಂದಿನದು ಮುಗಿದಂತೆ. ಅದು ತಪ್ಪೂ ಅಲ್ಲ.

ನೀವು ಬಯಸುವ ಶಿಸ್ತು ಎಲ್ಲಿದೆ ಹೇಳಲೆ? ಕಚೇರಿಗಳ ಆನ್‌ಲೈನ್ ಅರ್ಜಿಯಲ್ಲಿದೆ. 2014ರ ಅಕ್ಟೋಬರ್ 28ಕ್ಕೆ, ಈ ಕ್ಷಮೆಯ ನಿಯಮಗಳನ್ನು ಹೊತ್ತ ಎಚ್‌ಟಿಎಮ್‌ಎಲ್ 5 ಅಧಿಕೃತ ಶಿಫಾರಸಾಯಿತು. ನಾಲ್ಕೇ ದಿನಕ್ಕೆ, ರಾಜ್ಯೋತ್ಸವದಂದು, ಇಂಗ್ಲಿಷಿನ ‘ಶಿಮೊಗಾ’ ಹೋಗಿ ‘ಶಿವಮೊಗ್ಗ’ ಬಂತು. ಸಂತೋಷವೇ. ಎಚ್‌ಟಿಎಮ್‌ಎಲ್ ಹೊಸದಾದರೂ ಹಳೆಯ ಪುಟಗಳನ್ನು ಬ್ರೌಸರ್ ಇವತ್ತಿಗೂ ತೆರೆಯುತ್ತದೆ. ಆದರೆ ನನ್ನ ಹಳೆಯ ದಾಖಲೆಯಲ್ಲಿ ‘ಶಿಮೊಗಾ’ ಎಂದಿದ್ದುದಕ್ಕೆ ಒಂದು ಕಚೇರಿಯ ಅರ್ಜಿ ಹೋದ ವರ್ಷ ಮೂರು ಸಲ ತಿರಸ್ಕಾರವಾಯಿತು. ಹೆಸರಿನ ಮುಂದಿನ ಇನಿಷಿಯಲ್ಲಿಗೆ ಚುಕ್ಕೆ ಇದೆ, ಇಲ್ಲ ಎಂಬ ಕಾರಣಕ್ಕೆ ಆಗುಂಬೆಯ ಮಳೆಯಲ್ಲಿ ಬಸ್ ಹತ್ತಿ ತಾಲ್ಲೂಕು ಕೇಂದ್ರಕ್ಕೆ ಅಲೆಯುವ ಅಜ್ಜಿಯರನ್ನು ನೀವೂ ನೋಡಿರುತ್ತೀರಿ. ‘ದೋಷ ಕಂಡುಬಂದಿದೆ’ ಎಂದು ನಿಂತುಬಿಡುವುದು ಸುಲಭ. ಅದಕ್ಕೆ ಒಂದು ಸಾಲಿನ ಕೋಡ್ ಸಾಕು. ಜಗಲಿಯಲ್ಲಿ ಕೂರಿಸಲು ಎಷ್ಟು ಪುಟದ ನಿಯಮ ಬೇಕಾಯಿತು ನೋಡಿ.

ನಿಮ್ಮ ಪುಟದ ವಿಷಯ: ಟೇಬಲ್ಲಿನ ಕೊನೆಗೆ ಒಂದು ‘ಟಿಆರ್’ (ಸಾಲು), ಅದರೊಳಗೆ ನಾಲ್ಕು ಕಾಲಮ್ಮಿಗೂ ಚಾಚುವ ಹಾಗೆ ‘ಕಾಲ್‌ಸ್ಪ್ಯಾನ್’ ಹಾಕಿದ ಒಂದು ‘ಟಿಡಿ’ (ಮನೆ) ಇಟ್ಟು, ಭಾನುವಾರವನ್ನು ಅಲ್ಲಿ ಬರೆಯಿರಿ. ಮುಂದೆ ಇಂಥದ್ದೇ ಆದರೆ ನೀವು ಬರೆದ ಮೂಲವನ್ನಷ್ಟೇ ನೋಡಬೇಡಿ, ಬ್ರೌಸರಿನ ಇನ್‌ಸ್ಪೆಕ್ಟರ್ ತೆರೆದು ಅದು ಕಟ್ಟಿಕೊಂಡ ಮರವನ್ನು ನೋಡಿ. ಎರಡು ದಿನ ಉಳಿಯುತ್ತದೆ.

ಅಂದಹಾಗೆ, ನಿಮ್ಮ ಪತ್ರದಲ್ಲಿ ‘ಶಿಸ್ತು’ ಎರಡು ಕಡೆ ‘ಸಿಸ್ತು’ ಆಗಿತ್ತು. ತಿದ್ದಿ ಹಾಕಿದ್ದೇನೆ.

– ಸಂ.