ವಾಲಿಬಾಲ್ ಮೇಷ್ಟ್ರಿಗೆ ಸನ್ಮಾನ ಹೇಗಿರಬೇಕು?

ಪ್ರಶ್ನೆ: ಮಾನ್ಯರೇ, ನಮ್ಮೂರ ಸರ್ಕಾರಿ ಪ್ರೌಢಶಾಲೆಯ ದೈಹಿಕ ಶಿಕ್ಷಣ ಶಿಕ್ಷಕರು ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಾರೆ. ಹೆಣ್ಣುಮಕ್ಕಳ ವಾಲಿಬಾಲ್ ತಂಡ ಕಟ್ಟಿದವರು ಅವರೇ. ನಮ್ಮದು ರೇಷ್ಮೆ ಸಾಕುವ ಮನೆ. ಹುಳು ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದ ವಾರ ಬೆಳಿಗ್ಗೆ ಸೊಪ್ಪು ಕೊಯ್ಯಲೇಬೇಕಾಗಿದ್ದ ನನಗಾಗಿ ಅವರು ಅಭ್ಯಾಸವನ್ನು ಸಂಜೆಗೆ ಹಾಕಿಕೊಂಡು, ಕತ್ತಲಾದರೆ ಮನೆಯ ಬಾಗಿಲವರೆಗೂ ಬಂದು ಬಿಟ್ಟು ಹೋಗುತ್ತಿದ್ದರು. ಸನ್ಮಾನದಲ್ಲಿ ಪೇಟ, ಶಾಲು, ಹಾರದ ಜೊತೆಗೆ ಚಿನ್ನದ ಉಂಗುರ ಕೊಡೋಣವೆಂದು ಕೆಲವು ಗೆಳತಿಯರೂ, ತಂಡ ಜಿಲ್ಲಾ ಮಟ್ಟದಲ್ಲಿ ಗೆದ್ದ ವರ್ಷದವರನ್ನಷ್ಟೇ ವೇದಿಕೆಗೆ ಕರೆಯೋಣವೆಂದು ಇನ್ನು ಕೆಲವರೂ ಹೇಳುತ್ತಿದ್ದಾರೆ. ತಮ್ಮ ಸಲಹೆಯೇನು?
– ಹಳೆಯ ವಿದ್ಯಾರ್ಥಿನಿ, ಶಿಡ್ಲಘಟ್ಟ ತಾಲ್ಲೂಕು

ಉತ್ತರ: ಮೊದಲು ಉಂಗುರದ ಮಾತು. ಸೇವೆಯಲ್ಲಿರುವ ಸರ್ಕಾರಿ ನೌಕರರು ಬೆಲೆಬಾಳುವ ಉಡುಗೊರೆ ಪಡೆಯುವುದಕ್ಕೂ ಬಹಿರಂಗ ಸನ್ಮಾನ ಸ್ವೀಕರಿಸುವುದಕ್ಕೂ ನಡತೆ ನಿಯಮಗಳ ಕಟ್ಟುಪಾಡುಗಳಿವೆ. 60 ತುಂಬಿದ ತಿಂಗಳ ಕೊನೆಯ ದಿನ ಅವರ ಸೇವೆ ಮುಗಿಯುವುದರಿಂದ, ಸಮಾರಂಭವನ್ನು ಅದಾದ ಮೇಲಿನ ಯಾವುದಾದರೊಂದು ಭಾನುವಾರ ಇಟ್ಟುಕೊಂಡರೆ ಅವರಿಗೆ ಮುಜುಗರವಿರುವುದಿಲ್ಲ. ಆಗಲೂ ಉಂಗುರ ಬೇಡವೆಂದೇ ನನ್ನ ಅನಿಸಿಕೆ. ಪೇಟ, ಶಾಲು ಇರಲಿ. ಅವಿಲ್ಲದಿದ್ದರೆ ಊರ ಹಿರಿಯರಿಗೆ ಸನ್ಮಾನವಾಯಿತೆಂದೇ ಅನಿಸುವುದಿಲ್ಲ.

ಉಂಗುರದ ಹಣವನ್ನು ಮುಖ್ಯ ಶಿಕ್ಷಕರ ಒಪ್ಪಿಗೆ ಪಡೆದು ಶಾಲೆಯ ವಾಲಿಬಾಲ್ ಅಂಕಣಕ್ಕೆ ಹಾಕಿ. ಮಹಿಳೆಯರ ಪಂದ್ಯದಲ್ಲಿ ನೆಟ್‌ನ ಎತ್ತರ ನಡುವಿನಲ್ಲಿ 2.24 ಮೀಟರ್ ಇರಬೇಕು, ಎರಡು ತುದಿಗಳು ಅದಕ್ಕಿಂತ 2 ಸೆಂಟಿಮೀಟರ್‌ಗಿಂತ ಹೆಚ್ಚು ಮೇಲಿರಬಾರದು. ಹಳ್ಳಿಯ ಶಾಲೆಗಳಲ್ಲಿ ವಾಲಿದ ಎರಡು ಕಂಬಗಳಿಗೆ ಹಗ್ಗ ಬಿಗಿದ ನೆಟ್ ಅಭ್ಯಾಸ ಮುಗಿಯುವ ಹೊತ್ತಿಗೆ ನಡುವಿನಲ್ಲಿ ಗೇಣುದ್ದ ಜೋತುಬಿದ್ದಿರುತ್ತದೆ. ಅದರ ಮೇಲೆ ಹೊಡೆದು ರೂಢಿಯಾದ ಹುಡುಗಿಯ ಸ್ಮ್ಯಾಶ್ ಜಿಲ್ಲಾ ಪಂದ್ಯದ ಬಿಗಿಯಾದ ನೆಟ್‌ಗೆ ಬಡಿದು ತನ್ನ ಕಡೆಗೇ ಬೀಳುತ್ತದೆ. ಈ ಸಂಕಟ ನಿಮ್ಮ ಮೇಷ್ಟ್ರಿಗೆ ಚೆನ್ನಾಗಿ ಗೊತ್ತಿರುತ್ತದೆ. ಕಾಂಕ್ರೀಟಿನಲ್ಲಿ ನೆಟ್ಟ ಎರಡು ಕಬ್ಬಿಣದ ಕಂಬ, ಬಿಗಿ ಮಾಡುವ ರಾಟೆ, ಹೊಸ ನೆಟ್, ನಾಲ್ಕೈದು ಒಳ್ಳೆಯ ಚೆಂಡು: ಇವಿಷ್ಟಿದ್ದರೆ ಮುಂದೆ ಬರುವ ಹುಡುಗಿಯರೂ ಅವರ ಹೆಸರು ಹೇಳಿಕೊಂಡು ಆಡುತ್ತಾರೆ.

ಗೆದ್ದ ವರ್ಷದವರನ್ನಷ್ಟೇ ಕರೆಯುವುದು ಸರಿಯಲ್ಲ. ತಂಡದ ಪಟ್ಟಿಯಲ್ಲಿ 12 ಮಂದಿ ಇದ್ದರೂ ಅಂಕಣದಲ್ಲಿ ಆಡುವವರು 6 ಮಂದಿ; ಉಳಿದವರು ಪಂದ್ಯವಿಡೀ ಬೆಂಚಿನ ಮೇಲೆ ಕೂತಿದ್ದರೂ ವರ್ಷವಿಡೀ ಅಭ್ಯಾಸಕ್ಕೆ ಎದುರಾಳಿಗಳಾಗಿ ನಿಂತವರು ಅವರೇ. ಹೋಬಳಿ ಮಟ್ಟದಲ್ಲೇ ಸೋತು ಬಂದ ತಂಡದ ಹುಡುಗಿಯರಿಗೂ ಮೇಷ್ಟ್ರು ಅಷ್ಟೇ ಹೊತ್ತು ಕೊಟ್ಟಿರುತ್ತಾರೆ. ಶಾಲೆಯ ಹಳೆಯ ದಾಖಲೆ ತೆಗೆಸಿ, ವರ್ಷವಾರು ಎಲ್ಲ ಆಟಗಾರ್ತಿಯರ ಹೆಸರನ್ನು ಒಂದು ಪುಸ್ತಕದಲ್ಲಿ ಬರೆದು ಅವರ ಕೈಗಿಡಿ. ಹೆಸರು ನೆನಪಾಗದಿದ್ದರೆ ಅವರನ್ನೇ ಕೇಳಿ. ಇಂಥವಳು ಯಾವ ಕೈಯಲ್ಲಿ ಸರ್ವೀಸ್ ಮಾಡುತ್ತಿದ್ದಳೆಂಬುದನ್ನೂ ಹೇಳಿಯಾರು.

ತರಬೇತುದಾರರಿಗೆಂದೇ 1985ರಿಂದ ದ್ರೋಣಾಚಾರ್ಯ ಪ್ರಶಸ್ತಿಯಿದೆ, ವಾಲಿಬಾಲ್‌ನಲ್ಲಿ ಎ. ರಮಣರಾವ್ ಅವರು 1990ರಲ್ಲಿ ಅದನ್ನು ಪಡೆದಿದ್ದಾರೆ. ಪ್ರೌಢಶಾಲೆಯ ಮೇಷ್ಟ್ರನ್ನು ಹುಡುಕಿಕೊಂಡು ಅಂಥ ಪ್ರಶಸ್ತಿ ಬರುವುದು ಅಪರೂಪವಾದ್ದರಿಂದ ಈ ಕೆಲಸ ನಿಮ್ಮ ಪಾಲಿಗೇ ಬಂದಿದೆ.

ಭಾಷಣಗಳನ್ನು ಅರ್ಧ ಗಂಟೆಯಲ್ಲಿ ಮುಗಿಸಿ, ಹಳೆಯ ವಿದ್ಯಾರ್ಥಿನಿಯರಿಗೂ ಈಗಿನ ತಂಡಕ್ಕೂ ಒಂದು ಪಂದ್ಯವಿಡಿ. ಸೀರೆಯಲ್ಲಿ ಬರುವವರಿಗೆ ಚೂಡಿದಾರ ತರುವಂತೆ ಮೊದಲೇ ತಿಳಿಸಿ. ಸೀಟಿ ಮಾತ್ರ ಮೇಷ್ಟ್ರ ಕೈಯಲ್ಲೇ ಇರಲಿ.