ಬುಡಾಪೆಸ್ಟಿನಲ್ಲಿ ಎರಡು ದಿನ: ಮಗನಿಗೂ ಅಮ್ಮನಿಗೂ ಒಗ್ಗುವಂತೆ

ಎಂಟು ವರ್ಷದ ಮಗ, ಮಂಡಿನೋವಿರುವ ತಾಯಿ, ಕೈಯಲ್ಲಿರುವುದು ಶನಿವಾರ, ಭಾನುವಾರ ಮಾತ್ರ, ಬುಡಾಪೆಸ್ಟಿನಲ್ಲಿ ಏನೇನು ನೋಡಬಹುದು ಎಂದು ಕೇಳಿದ್ದೀರಿ. ಬೇರೇನನ್ನು ಬಿಟ್ಟರೂ ಬುಡಾ ಬೆಟ್ಟಗಳ ಮಕ್ಕಳ ರೈಲನ್ನು ಬಿಡಬೇಡಿ. ಸುಮಾರು 11 ಕಿ.ಮೀ. ಉದ್ದದ ಈ ನ್ಯಾರೋಗೇಜ್ ಮಾರ್ಗದಲ್ಲಿ ಟಿಕೆಟ್ ಕೊಡುವವರು, ಸಿಗ್ನಲ್ ನೋಡಿಕೊಳ್ಳುವವರು, ರೈಲು ಹೊರಡುವಾಗ ಸಮವಸ್ತ್ರದಲ್ಲಿ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆಯುವವರು ಎಲ್ಲರೂ ಶಾಲಾ ಮಕ್ಕಳು! ಎಂಜಿನ್ ಓಡಿಸುವವರು ಮಾತ್ರ ದೊಡ್ಡವರು. ನಿಮ್ಮ ಮಗ ಕಣ್ಣರಳಿಸಿ ನೋಡುವುದು ಖಂಡಿತ.

ತಾಯಿಯವರಿಗೆ 2ನೇ ಸಂಖ್ಯೆಯ ಟ್ರಾಮ್ ಹೇಳಿ ಮಾಡಿಸಿದಂತಿದೆ. ನದಿಯ ಪೂರ್ವಕ್ಕಿರುವ ಪೆಸ್ಟ್ ಭಾಗದ ದಂಡೆಯುದ್ದಕ್ಕೂ ಸಾಗುವ ಅದರಲ್ಲಿ ನದಿಯ ಕಡೆಯ ಕಿಟಕಿ ಹಿಡಿದು ಕುಳಿತರೆ ಡ್ಯಾನ್ಯೂಬ್, 1849ರಲ್ಲಿ ತೆರೆದ ಚೈನ್ ಸೇತುವೆ, ಆಚೆ ದಂಡೆಯ ಕೋಟೆ ಎಲ್ಲವೂ ಕುಳಿತಲ್ಲೇ ಕಾಣುತ್ತವೆ. ಕೋಟೆಗುಡ್ಡವನ್ನು ನಡೆದು ಹತ್ತುವ ಗೋಜು ಬೇಡ. ಗುಡ್ಡದ ಮೇಲಕ್ಕೆ ಎಳೆದೊಯ್ಯುವ ಹಗ್ಗದ ರೈಲಿದೆ (ಫ್ಯೂನಿಕ್ಯುಲರ್); ಅದಕ್ಕೆ ಸಾಲು ಉದ್ದವಿದ್ದರೆ 16ನೇ ಸಂಖ್ಯೆಯ ಬಸ್ ಹಿಡಿಯಿರಿ.

ಭಾನುವಾರ ಮಾರ್ಗರೆಟ್ ದ್ವೀಪಕ್ಕಿರಲಿ. ಖಾಸಗಿ ಕಾರುಗಳ ಕಾಟ ಬಹುತೇಕ ಇಲ್ಲದ್ದರಿಂದ ಮಗನನ್ನು ಧೈರ್ಯವಾಗಿ ಓಡಲು ಬಿಡಬಹುದು. ನಾಲ್ಕು ಚಕ್ರದ ಪೆಡಲ್ ಬಂಡಿಗಳೂ ಬಾಡಿಗೆಗೆ ಸಿಗುತ್ತವೆ. ದೋಣಿ ವಿಹಾರವನ್ನು ಮಾತ್ರ ದೀಪ ಹೊತ್ತಿದ ಮೇಲೆ ಇಟ್ಟುಕೊಳ್ಳಿ, ಸಂಸತ್ ಭವನದ ಚೆಲುವು ಆಗಲೇ. ಅದರ ಒಳಗೂ ಹೋಗುವ ಆಸೆಯಿದ್ದರೆ ಟಿಕೆಟ್ ಮೊದಲೇ ಕಾಯ್ದಿರಿಸಿ.